ರೇಸ್ ನೋಡಲು ಹೊರಟವರಿಗೆ

ಕಳೆದ ಸಂಚಿಕೆಯಲ್ಲಿ ಟೂರಿಂಗ್ ಕಾರ್ ರೇಸಿನ ಬಗ್ಗೆ, ಅಂದರೆ ರಸ್ತೆಯಲ್ಲಿ ಓಡುವಂಥ ಕಾರುಗಳನ್ನೇ ಸಜ್ಜು ಮಾಡಿ ಟ್ರ್ಯಾಕಿನಲ್ಲಿ ಓಡಿಸುವ ರೇಸಿನ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ತುಂಬಾ ಖುಷಿಯಾಯಿತು. ಮೈಲೇಜು, ಬ್ಯಾಟರಿ, ಸೆಕೆಂಡ್ ಹ್ಯಾಂಡ್ ಕಾರಿನ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟು, ಈ ಸಲದ ಅಂಕಣವನ್ನು ಪೂರ್ತಿ ರೇಸಿಗೇ ಬಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ನನ್ನದು ವೀಲ್ ಅಲೈನ್‌ಮೆಂಟ್ ಅಂಗಡಿ. ದಿನವಿಡೀ ಟೈರು ನೋಡುವುದೇ ಕೆಲಸ. ರೇಸಿಗೆ ಹೋದಾಗಲೂ ನನ್ನ ಕಣ್ಣು ಮೊದಲು ಟೈರಿನ ಮೇಲೇ ಬೀಳುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನೋಡಿದ್ದೇವೆ. ಧೂಳೆಬ್ಬಿಸಿಕೊಂಡು ಕಾರು ಬರುತ್ತದೆ, ಹೋಗುತ್ತದೆ, ಅಷ್ಟೇ. ಟೂರಿಂಗ್ ಕಾರ್ ರೇಸ್ ಅದಕ್ಕಿಂತ ಹೇಗೆ ಬೇರೆ? ಅಷ್ಟು ದೂರ ಹೋಗಿ ನೋಡುವಂಥದ್ದು ಏನಿದೆ?
— ಕಾಲೇಜು ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ರ‍್ಯಾಲಿಗೆ ‘ಅಷ್ಟೇ’ ಅನ್ನಬೇಡಿ. ಚಿಕ್ಕಮಗಳೂರಿನ ಆ ಮಣ್ಣುರಸ್ತೆಗಳಿಗೆ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್ಪೇ ಬಂದಿತ್ತು. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ಗೌರವ್ ಗಿಲ್ ನಮ್ಮ ತೋಟಗಳ ನಡುವೆಯೇ ಕಾರು ಓಡಿಸಿದವರು. 2019ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಮೋಟಾರ್ ಸ್ಪೋರ್ಟ್ಸ್‌ನವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು.

ಆದರೆ ನೀವು ಹೇಳುವುದರಲ್ಲೂ ಸತ್ಯ ಇದೆ. ರ‍್ಯಾಲಿಯಲ್ಲಿ ಕಾರುಗಳನ್ನು ಸ್ವಲ್ಪ ಹೊತ್ತು ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಕಳಿಸುತ್ತಾರೆ. ಡ್ರೈವರ್ ಹೋರಾಡುವುದು ಗಡಿಯಾರದ ಜೊತೆ, ರಸ್ತೆಯ ಜೊತೆ. ತನ್ನ ಎದುರಾಳಿ ಅವನ ಕಣ್ಣಿಗೇ ಬೀಳುವುದಿಲ್ಲ. ನಮಗೂ ಅಷ್ಟೇ, ಯಾರು ಮುಂದಿದ್ದಾರೆ ಅಂತ ಗೊತ್ತಾಗುವುದು ಟೈಮಿಂಗ್ ಪಟ್ಟಿ ಬಂದ ಮೇಲೆ.

ಟೂರಿಂಗ್ ಕಾರ್ ರೇಸಿನಲ್ಲಿ ಎಲ್ಲರೂ ಒಟ್ಟಿಗೇ ನಿಲ್ಲುತ್ತಾರೆ. ಐದು ಕೆಂಪು ದೀಪ ಹತ್ತುತ್ತವೆ, ಆರುತ್ತವೆ. ಆರಿದ ಕ್ಷಣಕ್ಕೆ ಅಷ್ಟೂ ಕಾರು ಒಂದೇ ತಿರುವಿಗೆ ನುಗ್ಗುತ್ತವೆ. ಬಾಗಿಲಿಗೆ ಬಾಗಿಲು ತಾಗಿಸಿಕೊಂಡು ಹೋಗುವುದು ಇಲ್ಲಿ ಮಾಮೂಲು. ಫಾರ್ಮುಲಾ ಕಾರಿನಲ್ಲಿ ಚಕ್ರಗಳು ಹೊರಗೇ ಇರುತ್ತವೆ. ಚಕ್ರಕ್ಕೆ ಚಕ್ರ ತಾಗಿದರೆ ಕಾರು ಹಾರಿಹೋಗಬಹುದು. ಟೂರಿಂಗ್ ಕಾರಿನ ಚಕ್ರದ ಮೇಲೆ ಮಡ್‌ಗಾರ್ಡ್ ಇದೆ, ಸುತ್ತ ತಗಡು ಇದೆ. ಅದಕ್ಕೇ ಇಲ್ಲಿ ಡ್ರೈವರ್‌ಗಳಿಗೆ ಧೈರ್ಯ ಜಾಸ್ತಿ.

ನನ್ನನ್ನು ಹಿಡಿದಿಟ್ಟಿರುವುದು ಇನ್ನೊಂದು ವಿಷಯ. ಅವು ನಮ್ಮ ರಸ್ತೆಯಲ್ಲೇ ಓಡಾಡುವ ಕಾರುಗಳು. ಫೋಕ್ಸ್‌ವ್ಯಾಗನ್‌ನವರು 2010ರಲ್ಲಿ ಪೋಲೋ ಕಾರಿನದ್ದೇ ಒಂದು ಸರಣಿ ಶುರುಮಾಡಿದರು. 2013ರಲ್ಲಿ ಟೊಯೊಟಾದವರು ಇಟಿಯೋಸ್ ಓಡಿಸಿದರು. ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನ ಇಂಡಿಯನ್ ಟೂರಿಂಗ್ ಕಾರ್ಸ್ ವಿಭಾಗದಲ್ಲಿ ಎಸ್ಟೀಮ್, ಹೋಂಡಾ ಸಿಟಿ, ಪೋಲೋ ಎಲ್ಲಾ ಓಡಿವೆ. ನಿಮ್ಮನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಟ್ಯಾಕ್ಸಿಯಾಗಿ ಕರೆತಂದ ಇಟಿಯೋಸ್ ಹಿಂದಿನ ಚಕ್ರ ಎತ್ತಿಕೊಂಡು ತಿರುಗುವುದನ್ನು ನೋಡಿದರೆ, ಮಾರನೇ ದಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ನಿಂತ ಕಾರನ್ನು ಬೇರೆ ಥರ ನೋಡುತ್ತೀರಿ.

ಅದಕ್ಕೇ ಮೊದಲ ಸಲ ಹೋಗುವವರಿಗೆಲ್ಲ ನಾನು ಹೇಳುವುದು ಒಂದೇ. ಗೆಲ್ಲುವ ಕಾರಿನ ಹಿಂದೆ ಕಣ್ಣು ಓಡಿಸಬೇಡಿ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರುವಂಥ ಒಂದು ಕಾರನ್ನು ಆರಿಸಿಕೊಳ್ಳಿ. ಐದು, ಆರು, ಏಳನೇ ಜಾಗದಲ್ಲಿ ಒದ್ದಾಡುವ ಕಾರಾದರೆ ಇನ್ನೂ ಒಳ್ಳೆಯದು. ಶುಕ್ರವಾರದ ಪ್ರಾಕ್ಟೀಸಿನಿಂದ ಭಾನುವಾರದ ಕೊನೆಯ ಸುತ್ತಿನವರೆಗೆ ಅದನ್ನೇ ನೋಡಿ. ಮುಂದಿರುವವನು ಎಷ್ಟೋ ಸಲ ಒಬ್ಬನೇ ಓಡುತ್ತಿರುತ್ತಾನೆ. ನಿಜವಾದ ಜಗಳ ನಡೆಯುವುದು ನಡುವೆ.

ಪ್ರಶ್ನೆ: ಎಲ್ಲಿಗೆ ಹೋಗಬೇಕು, ಯಾವಾಗ, ಹೇಗೆ? ಭಾನುವಾರ ಒಂದೇ ದಿನ ಹೋದರೆ ಸಾಕಲ್ವಾ?
— ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ನಮಗೆ ಅನುಕೂಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ. ಅಲ್ಲಿರುವುದು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. 1990ರಲ್ಲಿ ಶುರುವಾದ ಟ್ರ್ಯಾಕ್, ಒಂದು ಸುತ್ತಿಗೆ 3.717 ಕಿಲೋಮೀಟರ್, 12 ತಿರುವು. ಹ್ಯುಂಡೈ ಕಾರ್ಖಾನೆ ಇರುವುದೂ ಅದೇ ಊರಿನಲ್ಲಿ. ಬೆಂಗಳೂರು–ಚೆನ್ನೈ ಹೆದ್ದಾರಿ ಅಲ್ಲೇ ಹಾದುಹೋಗುವುದರಿಂದ ಚೆನ್ನೈ ನಗರದ ಒಳಗೆ ಹೋಗಿ ವಾಪಸ್ ಬರುವ ತಾಪತ್ರಯ ಇಲ್ಲ. ಶಿವಮೊಗ್ಗದಿಂದ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸು, ಶ್ರೀಪೆರುಂಬುದೂರಿನಲ್ಲಿ ಇಳಿಯುವುದು. ಸುತ್ತ ಕಾರ್ಖಾನೆಗಳು ಜಾಸ್ತಿ, ಹಾಗಾಗಿ ಉಳಿಯಲು ಲಾಡ್ಜು, ಊಟಕ್ಕೆ ಹೋಟೆಲು ಸಿಗುತ್ತವೆ.

ಇನ್ನೊಂದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಚಿಕ್ಕ ಟ್ರ್ಯಾಕು, 2.1 ಕಿಲೋಮೀಟರ್. ರೇಸರ್ ಆಗಿದ್ದು, ಆಮೇಲೆ ಭಾರತದಲ್ಲೇ ರೇಸ್ ಕಾರುಗಳನ್ನು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಇಟ್ಟಿದ್ದಾರೆ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಭಾರತದ ರೇಸಿಂಗ್ ಈ ಮಟ್ಟಕ್ಕೆ ಬರಲು ಅವರು ಪಟ್ಟ ಶ್ರಮವನ್ನು ನೆನೆಯದೆ ಆ ಗೇಟು ದಾಟಲು ನನಗೆ ಆಗುವುದಿಲ್ಲ. ದೆಹಲಿ ಹತ್ತಿರದ ಬುದ್ಧ ಸರ್ಕಿಟ್ ದೊಡ್ಡದು, ಚೆಂದದ್ದು, ಫಾರ್ಮುಲಾ ಒನ್ ನಡೆದ ಜಾಗ. ಆದರೆ ನಮಗೆ ದೂರ.

ದಿನಾಂಕ ಪ್ರತಿ ವರ್ಷ ಬದಲಾಗುತ್ತದೆ. ಎಫ್‌ಎಂಎಸ್‌ಸಿಐ ಅಂದರೆ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ, ಅವರ ಕ್ಯಾಲೆಂಡರ್ ನೋಡಿ. ಆಯೋಜಕರು ಖಚಿತ ಮಾಡಿದ ಮೇಲೆಯೇ ರೈಲಿಗೆ ಟಿಕೆಟ್ ಮಾಡಿಸಿ. ಜನರನ್ನು ಯಾವ ಗೇಟಿನಿಂದ ಬಿಡುತ್ತಾರೆ, ಟಿಕೆಟ್ ಇದೆಯೋ ಇಲ್ಲವೋ, ಅದನ್ನೂ ಆಗಲೇ ಕೇಳಿ ಇಟ್ಟುಕೊಳ್ಳಿ.

ಭಾನುವಾರ ಮಾತ್ರ ಹೋಗುತ್ತೀನಿ ಅಂದರೆ ನಾನು ಬೇಡ ಅನ್ನುತ್ತೇನೆ. ಸಾಮಾನ್ಯವಾಗಿ ಶುಕ್ರವಾರ ಪ್ರಾಕ್ಟೀಸ್. ಶನಿವಾರ ಕ್ವಾಲಿಫೈಯಿಂಗ್ (ಸ್ಟಾರ್ಟಿನಲ್ಲಿ ಯಾರು ಮುಂದೆ ಯಾರು ಹಿಂದೆ ಅಂತ ನಿರ್ಧರಿಸುವ ಓಟ) ಮತ್ತು ಮೊದಲ ರೇಸು. ಭಾನುವಾರ ಉಳಿದ ರೇಸುಗಳು. ಒಂದೊಂದು ರೇಸು ಇಪ್ಪತ್ತು ನಿಮಿಷದ ಆಸುಪಾಸು, ಅಷ್ಟೇ. ಟೂರಿಂಗ್ ಕಾರ್, ಜೂನಿಯರ್ ಟೂರಿಂಗ್ ಕಾರ್, ಸೂಪರ್ ಸ್ಟಾಕ್, ಫಾರ್ಮುಲಾ ಕಾರು ಹೀಗೆ ಒಂದರ ಹಿಂದೆ ಒಂದು ಬರುತ್ತವೆ. ಹಿಂದಿನ ಎರಡು ದಿನ ಯಾರು ಎಲ್ಲಿ ಕಷ್ಟಪಟ್ಟರು ಅಂತ ನೋಡಿರದಿದ್ದರೆ ಭಾನುವಾರದ ಇಪ್ಪತ್ತು ನಿಮಿಷದಲ್ಲಿ ಬಣ್ಣಬಣ್ಣದ ಕಾರು ಕಾಣುತ್ತವೆ, ಕಥೆ ಸಿಗುವುದಿಲ್ಲ. ಗುರುವಾರ ರಾತ್ರಿ ಹೊರಡಿ. ಕೊನೇ ಪಕ್ಷ ಶನಿವಾರ ಬೆಳಗ್ಗೆ ಅಲ್ಲಿರಿ.

ಪ್ರಶ್ನೆ: ನಾವು ಹುಡುಗರಾಗಿದ್ದಾಗ ಪತ್ರಿಕೆಯಲ್ಲಿ ಶೋಲಾವರಂ ರೇಸಿನ ಸುದ್ದಿ ಓದುತ್ತಿದ್ದೆವು. ಅದು ಈಗಲೂ ಇದೆಯಾ? ಮತ್ತೆ, ಟ್ರ್ಯಾಕಿನಲ್ಲಿ ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ?
— ನಿವೃತ್ತ ಕಾರ್ಖಾನೆ ನೌಕರರು, ಭದ್ರಾವತಿ

ಉತ್ತರ: ಶೋಲಾವರಂ ಹೆಸರು ಕೇಳಿ ಮನಸ್ಸು ತುಂಬಿ ಬಂತು. ಅದು ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ವರ್ಷಗಟ್ಟಲೆ ರೇಸ್ ನಡೆಸಿದರು. ಈಗ ಅಲ್ಲಿ ಇಲ್ಲ. ಅದೇ ಕ್ಲಬ್ಬು ಇರುಂಗಾಟ್ಟುಕೋಟ್ಟೈಯಲ್ಲಿ ಸ್ವಂತ ಟ್ರ್ಯಾಕು ಕಟ್ಟಿಕೊಂಡಿತು. ನೀವು ಓದುತ್ತಿದ್ದ ಶೋಲಾವರಂನ ಮುಂದುವರಿದ ಭಾಗವೇ ಅದು.

ಇನ್ನು ನಿಲ್ಲುವ ಜಾಗ. ಎಲ್ಲರೂ ಸ್ಟಾರ್ಟ್ ಗೆರೆಯ ಎದುರಿನ ಗ್ರ್ಯಾಂಡ್‌ಸ್ಟ್ಯಾಂಡಿಗೆ ಹೋಗುತ್ತಾರೆ. ಸ್ಟಾರ್ಟ್ ನೋಡಲು ಅದು ಸರಿ. ಆಮೇಲೆ ಅಲ್ಲಿ ಕಾರು ಸುಯ್ಯಂತ ಹೋಗುವುದು ಮಾತ್ರ ಕಾಣುತ್ತದೆ. ಪ್ರೇಕ್ಷಕರನ್ನು ಬಿಡುವ ಜಾಗಗಳಲ್ಲೇ, ನೇರ ರಸ್ತೆ ಮುಗಿದು ಕಾರುಗಳು ಜೋರಾಗಿ ಬ್ರೇಕ್ ಹಾಕುವ ಕಡೆ ನೋಡಿಕೊಳ್ಳಿ. ಸುಮ್ನೆ ಅತ್ತಿತ್ತ ಓಡಾಡಬೇಡಿ, ಒಂದು ಸೆಷನ್ ಪೂರ್ತಿ ಅಲ್ಲೇ ಇರಿ.

ಮೊದಲು ಬ್ರೇಕ್ ಲೈಟ್ ನೋಡಿ. ಬೇಲಿಯ ಯಾವುದಾದರೂ ಒಂದು ಕಂಬ ಗುರುತಿಟ್ಟುಕೊಂಡರೆ, ಯಾರು ಕಂಬಕ್ಕೆ ಮೊದಲೇ ಬ್ರೇಕ್ ಹಾಕುತ್ತಾರೆ, ಯಾರು ದಾಟಿದ ಮೇಲೆ ಹಾಕುತ್ತಾರೆ ಅಂತ ಎರಡು ಸುತ್ತಿನಲ್ಲಿ ಗೊತ್ತಾಗುತ್ತದೆ. ಆಮೇಲೆ ಗೇರ್ ಇಳಿಸುವ ಸದ್ದು ಕೇಳಿ. ತಡವಾಗಿ ಬ್ರೇಕ್ ಹಾಕಿದವನು ಗೇರುಗಳನ್ನು ಒಂದರ ಮೇಲೊಂದು ಬಡಿದಂತೆ ಇಳಿಸುತ್ತಾನೆ. ಚಕ್ರ ಲಾಕ್ ಆದರೆ ಬೆಳ್ಳಗೆ ಹೊಗೆ ಏಳುತ್ತದೆ.

ಆಮೇಲೆ ತಿರುವಿನ ನಡುವೆ ಹಿಂದಿನ ಚಕ್ರ ನೋಡಿ. ಕಾರು ಬಲಕ್ಕೆ ತಿರುಗುತ್ತಿದ್ದರೆ ಹಿಂದಿನ ಬಲಗಡೆ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ನಿಂತಿರುತ್ತದೆ. ಮೊದಲ ಸಲ ನೋಡಿದವರು ಕಾರು ಮಗುಚಿತು ಅಂತಲೇ ಹೌಹಾರುತ್ತಾರೆ. ಅದು ಬೇಕಂತಲೇ ಮಾಡಿದ್ದು. ಈ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳಿಂದ, ತಿರುಗಿಸುವುದೂ ಅವುಗಳಿಂದಲೇ. ಎರಡೂ ಕೆಲಸ ಮುಂದಿನ ಟೈರಿಗೇ ಬಿದ್ದರೆ ಮೂತಿ ನೇರ ಹೋಗಲು ನೋಡುತ್ತದೆ. ಹಿಂದಿನ ಸಸ್ಪೆನ್ಷನ್ ಗಟ್ಟಿ ಮಾಡಿಟ್ಟರೆ ಹಿಂಭಾಗ ಸ್ವಲ್ಪ ಜಾರಿ, ಮೂತಿ ಒಳಗೆ ತಿರುಗಲು ಸಹಾಯ ಆಗುತ್ತದೆ. ಹಾಗೆ ಗಟ್ಟಿ ಮಾಡಿದ್ದರಿಂದಲೇ ಒಳಗಿನ ಚಕ್ರ ಎದ್ದು ನಿಲ್ಲುವುದು. ಅದು ಎಷ್ಟು ಎತ್ತರ ಎದ್ದಿದೆ, ಕಲ್ಲಿನ ಅಂಚಿನ ಮೇಲೆ ಹೇಗೆ ಇಳಿಯಿತು ಅಂತ ನೋಡುತ್ತಾ ಕೂತರೆ ನನಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಓವರ್‌ಟೇಕ್ ಆಗುವ ರೀತಿಯನ್ನೂ ಹೇಳಿಬಿಡುತ್ತೇನೆ. ಮುಂದಿರುವವನು ಹಿಂದಿನವನನ್ನು ತಡೆಯಲು ತಿರುವಿನ ಒಳಬದಿ ಹಿಡಿಯುತ್ತಾನೆ. ಒಳಬದಿ ಹಿಡಿದರೆ ತಿರುವು ಚಿಕ್ಕದಾಗುತ್ತದೆ, ಹೊರಬರುವಾಗ ವೇಗ ಸಿಗುವುದಿಲ್ಲ. ಹಿಂದಿನವನು ಜಾಣನಾದರೆ ಹೊರಗೆ ದೊಡ್ಡದಾಗಿ ಹೋಗಿ, ಕೊನೆಯಲ್ಲಿ ಅವನ ಹಿಂದಿನಿಂದ ಒಳಗೆ ಕತ್ತರಿಸಿಕೊಂಡು ಬರುತ್ತಾನೆ. ಆಗ ಇಬ್ಬರೂ ಜೋಡಿಯಾಗಿ ಮುಂದಿನ ತಿರುವಿಗೆ ಹೋಗುತ್ತಾರೆ, ಅಲ್ಲಿ ಒಳಬದಿ ಯಾರಿಗೆ ಸಿಗುತ್ತದೋ ಅವರು ಮುಂದೆ. ಅದಕ್ಕೇ ಕಾರು ದಾಟಿದ ಜಾಗ ಮಾತ್ರ ನೋಡಿದರೆ ಸಾಲದು. ಕೆಲಸ ಎರಡು ತಿರುವಿನ ಹಿಂದೆಯೇ ಶುರುವಾಗಿರುತ್ತದೆ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಓದುತ್ತಿದ್ದೇನೆ. ಕಾರುಗಳನ್ನು ಹತ್ತಿರದಿಂದ ನೋಡಲು ಬಿಡುತ್ತಾರಾ? ಏನು ಗಮನಿಸಬೇಕು?
— ವಿದ್ಯಾರ್ಥಿನಿ, ಸಾಗರ

ಉತ್ತರ: ಟ್ರ್ಯಾಕಿನ ಹಿಂದೆ ಕಾರುಗಳನ್ನು ಬಿಚ್ಚಿ ಕಟ್ಟುವ ಜಾಗಕ್ಕೆ ಪ್ಯಾಡಕ್ ಅನ್ನುತ್ತಾರೆ. ಅಲ್ಲಿಗೆ ಪಾಸ್ ಬೇಕಾ, ಯಾವ ಹೊತ್ತಿನಲ್ಲಿ ಬಿಡುತ್ತಾರೆ ಅಂತ ಆಯೋಜಕರನ್ನು ಕೇಳಿಕೊಳ್ಳಿ. ಒಳಗೆ ಬಿಟ್ಟರೆ ಸೀದಾ ಹೋಗಿ. ಮೆಕ್ಯಾನಿಕ್‌ಗಳು ಕೆಲಸದಲ್ಲಿದ್ದಾಗ ಮಾತಾಡಿಸಬೇಡಿ, ಎರಡು ಹೆಜ್ಜೆ ದೂರ ನಿಂತು ನೋಡಿ. ಸೆಷನ್ ಮುಗಿದು ಅವರು ಟೀ ಕುಡಿಯುವಾಗ ಕೇಳಿ. ಬಾಯಿತುಂಬ ಹೇಳುತ್ತಾರೆ.

ಮೊದಲು ಕಾರಿನ ಮುಂದೆ ಕೂತು ಚಕ್ರಗಳನ್ನು ನೋಡಿ. ಮೇಲ್ಭಾಗ ಒಳಗೆ ವಾಲಿರುತ್ತದೆ. ನನ್ನ ಅಂಗಡಿಗೆ ಬರುವ ಕಾರಿಗೆ ಈ ಕ್ಯಾಂಬರ್ ಅರ್ಧ ಡಿಗ್ರಿ, ಒಂದು ಡಿಗ್ರಿ ಇರುತ್ತದೆ. ರೇಸ್ ಕಾರಿನ ಮುಂದಿನ ಚಕ್ರಕ್ಕೆ ಮೂರು ಡಿಗ್ರಿ, ಅದಕ್ಕೂ ಮೇಲೆ ಇಡುತ್ತಾರೆ. ತಿರುವಿನಲ್ಲಿ ಕಾರು ಹೊರಗೆ ವಾಲಿದಾಗ ಆ ಟೈರು ನೆಲಕ್ಕೆ ಸಪಾಟಾಗಿ ಕೂರಬೇಕು, ಅದಕ್ಕೆ.

ಕಾರು ಪಿಟ್ಟಿಗೆ, ಅಂದರೆ ಟ್ರ್ಯಾಕಿನ ಪಕ್ಕದಲ್ಲೇ ತಂಡದವರು ಕಾಯುವ ಜಾಗಕ್ಕೆ, ಬಂದು ನಿಂತ ತಕ್ಷಣ ಒಬ್ಬ ಹುಡುಗ ಸೂಜಿಯಂಥ ಒಂದು ಉಪಕರಣ ಹಿಡಿದು ಓಡಿಬರುತ್ತಾನೆ. ಟೈರಿನ ರಬ್ಬರಿಗೆ ಅದನ್ನು ಮೂರು ಕಡೆ ಚುಚ್ಚುತ್ತಾನೆ: ಒಳಅಂಚು, ನಡು, ಹೊರಅಂಚು. ಮೂರು ಉಷ್ಣಾಂಶ ಓದಿ ಹೇಳುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ನಡು ಜಾಸ್ತಿ ಬಿಸಿ ಇದ್ದರೆ ಗಾಳಿ ಜಾಸ್ತಿಯಾಗಿದೆ ಅಂತ. ಒಳಅಂಚು ತೀರಾ ಬಿಸಿ ಇದ್ದರೆ ಕ್ಯಾಂಬರ್ ಜಾಸ್ತಿ. ನಾನು ತಿಂಗಳುಗಟ್ಟಲೆ ಓಡಿದ ಟೈರಿನ ಸವೆತ ನೋಡಿ ಹೇಳುವುದನ್ನು ಅವರು ಐದಾರು ಸುತ್ತಿನ ಬಿಸಿ ನೋಡಿ ಹೇಳುತ್ತಾರೆ. ನಿಮ್ಮ ಪಠ್ಯದಲ್ಲಿ ಓದಿದ್ದು ಕಣ್ಣೆದುರು ನಡೆಯುವುದು ಅಲ್ಲೇ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ಸ್ವಲ್ಪ ಆಚೆ ಒಬ್ಬ ಬಿಚ್ಚಿದ ಸ್ಲಿಕ್ ಟೈರನ್ನು (ಗೀರುಗಳೇ ಇಲ್ಲದ ನುಣುಪು ರೇಸ್ ಟೈರು) ಕಾಲ ನಡುವೆ ಇಟ್ಟುಕೊಂಡು ಕೂತಿರುತ್ತಾನೆ. ಒಂದು ಕೈಯಲ್ಲಿ ಬಿಸಿಗಾಳಿಯ ಗನ್ನು, ಇನ್ನೊಂದು ಕೈಯಲ್ಲಿ ಪಟ್ಟಿ. ಟ್ರ್ಯಾಕಿನಲ್ಲಿ ಬಿದ್ದ ಬೇರೆಯವರ ರಬ್ಬರಿನ ಚೂರು ಟೈರಿಗೆ ಮೆತ್ತಿಕೊಂಡಿರುತ್ತದೆ. ಬಿಸಿ ಮಾಡಿ, ಹೆರೆದು ಹೆರೆದು ತೆಗೆಯುತ್ತಾನೆ. ಹೆರೆದ ಜಾಗದಲ್ಲಿ ರಬ್ಬರು ಕಪ್ಪಗೆ ಮಿರುಗುತ್ತದೆ, ಬೆರಳಿಟ್ಟರೆ ಅಂಟುತ್ತದೆ. ಹೊಸ ಸೆಟ್ಟು ಕೊಳ್ಳಲು ದುಡ್ಡಿಲ್ಲದ ತಂಡ ಇದೇ ಟೈರಿನಲ್ಲಿ ಭಾನುವಾರ ಓಡಬೇಕು. ಪೋಡಿಯಂ ಮೇಲೆ ಹಾರ ಹಾಕಿಸಿಕೊಳ್ಳುವವನ ಹಿಂದೆ ಈ ಹುಡುಗರ ಕೈ ಇದೆ. ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಅದು ನನಗೆ ನಿಜವಾಗಿ ಬೇಸರದ ವಿಷಯ.

ಕಾರಿನ ಒಳಗೂ ಇಣುಕಿ. ಹಿಂದಿನ ಸೀಟು, ಕಾರ್ಪೆಟ್ಟು, ಎಸಿ ಏನೂ ಇರುವುದಿಲ್ಲ. ಕಬ್ಬಿಣದ ಪೈಪಿನ ಪಂಜರ ಇರುತ್ತದೆ. ಡ್ರೈವರ್ ಬೆಂಕಿ ತಡೆಯುವ ಬಟ್ಟೆ ಹಾಕಿ, ಹೆಲ್ಮೆಟ್ಟಿಗೆ ಕತ್ತು ಕಾಯುವ ಹಾನ್ಸ್ ಪಟ್ಟಿ ಬಿಗಿದುಕೊಂಡು, ಚೆನ್ನೈ ಬಿಸಿಲಿನಲ್ಲಿ ಆ ಡಬ್ಬಿಯೊಳಗೆ ಕೂರಬೇಕು. ಇಳಿದಾಗ ಅವರ ಮುಖ ನೋಡಿದರೆ ಇದು ಎಂಥ ಆಟ ಅಂತ ತಿಳಿಯುತ್ತದೆ.

ಪ್ರಶ್ನೆ: ಆರು ವರ್ಷದ ಮಗನನ್ನು ಕರೆದುಕೊಂಡು ಹೋಗಬಹುದಾ?
— ಗೃಹಿಣಿ, ಶಿಕಾರಿಪುರ

ಉತ್ತರ: ಖಂಡಿತ. ಆದರೆ ಕಿವಿಗೆ ಮಕ್ಕಳ ಇಯರ್ ಮಫ್ ಇಲ್ಲದೆ ಬೇಡ. ಹತ್ತಿಯ ಉಂಡೆ ಸಾಲದು. ಮಲೆನಾಡಿನ ಮಕ್ಕಳಿಗೆ ಅಲ್ಲಿನ ಬಿಸಿಲು, ಸೆಕೆ ಅಭ್ಯಾಸ ಇರುವುದಿಲ್ಲ. ಟೋಪಿ, ನೀರು, ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ. ಮಧ್ಯಾಹ್ನ ನೆರಳಿನಲ್ಲಿ ಮಲಗಿಸಿ. ಬೇಲಿಗೆ ಒರಗಲು ಬಿಡಬೇಡಿ. ಚೆನ್ನೈ ಕಡೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು, ಆಗ ಹೋದರೆ ರೇನ್‌ಕೋಟೂ ಇರಲಿ. ಮಳೆ ಬಂದರೆ ಬೇಸರ ಬೇಡ. ಹಳ್ಳಕೊರೆದ ಟೈರು ಹಾಕಿಕೊಂಡು ಒದ್ದೆ ಟ್ರ್ಯಾಕಿನಲ್ಲಿ ಓಡುವ ರೇಸು ಇನ್ನೂ ಚೆನ್ನಾಗಿರುತ್ತದೆ.

ಪ್ರಶ್ನೆ: ಬಾವುಟಗಳ ಅರ್ಥ ಏನು?
— ಅಂಗಡಿ ಮಾಲೀಕರು, ಶೃಂಗೇರಿ

ಉತ್ತರ: ಹಳದಿ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಮಾಡಬಾರದು. ಎರಡು ಹಳದಿ ಒಟ್ಟಿಗೆ ಬೀಸಿದರೆ ನಿಲ್ಲಿಸಲೂ ತಯಾರಿರಬೇಕು. ಹಸಿರು ಬಂದರೆ ದಾರಿ ಸರಿ ಇದೆ. ಕೆಂಪು ಬಂದರೆ ರೇಸೇ ನಿಂತಿತು. ನೀಲಿ ತೋರಿಸುವುದು ಒಂದು ಸುತ್ತು ಹಿಂದೆ ಬಿದ್ದವನಿಗೆ, ‘ವೇಗದ ಕಾರು ಬರ್ತಿದೆ, ದಾರಿ ಬಿಡು’ ಅಂತ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ಎಣ್ಣೆಯೋ ನೀರೋ ಚೆಲ್ಲಿ ರಸ್ತೆ ಜಾರುತ್ತಿದೆ. ಕಪ್ಪು ಬಾವುಟದ ನಡುವೆ ಕಿತ್ತಳೆ ವೃತ್ತ ಇದ್ದು ಕಾರಿನ ನಂಬರ್ ಹಿಡಿದರೆ, ಆ ಕಾರಿನಲ್ಲಿ ಏನೋ ಕೆಟ್ಟಿದೆ, ಪಿಟ್ಟಿಗೆ ಬರಬೇಕು. ಬಂಪರ್ ಜೋತುಬಿದ್ದ ಟೂರಿಂಗ್ ಕಾರಿಗೆ ಇದು ಆಗಾಗ ಬೀಳುತ್ತದೆ. ಕಪ್ಪು ಬಿಳಿ ಓರೆಯಾಗಿ ಇದ್ದರೆ ಎಚ್ಚರಿಕೆ, ಪೂರ್ತಿ ಕಪ್ಪು ಬಂದರೆ ಅವನ ರೇಸು ಮುಗಿದಂತೆಯೇ. ಚೌಕಳಿ ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಮೊಬೈಲಿನಲ್ಲಿ ಬ್ರಿಟಿಷ್ ಟೂರಿಂಗ್ ಕಾರ್ ರೇಸ್ ನೋಡುತ್ತೇನೆ. ಗೆದ್ದವನ ಕಾರಿಗೆ ತೂಕ ಹೇರುತ್ತಿದ್ದರಂತೆ, ನಿಜವಾ? ವಿದೇಶಕ್ಕೆ ಹೋಗಿ ನೋಡುವುದಾದರೆ ಎಲ್ಲಿಗೆ?
— ಕಾಫಿ ಬೆಳೆಗಾರರು, ಕೊಪ್ಪ

ಉತ್ತರ: ನಿಜ. ಆ ಚಾಂಪಿಯನ್‌ಶಿಪ್ 1958ರಿಂದ ನಡೆಯುತ್ತಿದೆ. ಮುಂದಿರುವ ಕಾರಿಗೆ ಸಕ್ಸೆಸ್ ಬ್ಯಾಲಸ್ಟ್ ಅಂತ ತೂಕ ಹಾಕುತ್ತಿದ್ದರು, ಒಂದು ಕಾಲಕ್ಕೆ 75 ಕಿಲೋವರೆಗೂ ಹೋಗಿತ್ತು. ಪಕ್ಕದ ಸೀಟಿನಲ್ಲಿ ಒಂದು ಅಡಿಕೆ ಮೂಟೆ ಕೂರಿಸಿಕೊಂಡು ರೇಸ್ ಓಡಿಸಿದ ಹಾಗೆ. 2022ರಿಂದ ತೂಕದ ಬದಲು ಹೈಬ್ರಿಡ್ ಮೋಟಾರಿನ, ಅಂದರೆ ಎಂಜಿನ್‌ಗೆ ಜೊತೆಯಾಗಿ ಬಲ ಕೊಡುವ ವಿದ್ಯುತ್ ಮೋಟಾರಿನ, ಬಳಕೆಗೆ ಕಡಿವಾಣ ಹಾಕಿದರು. 2024ರ ನಂತರ ಆ ಹೈಬ್ರಿಡ್ಡನ್ನೂ ತೆಗೆದರು. ಗೆದ್ದವನನ್ನು ಹೀಗೆ ಕಟ್ಟಿಹಾಕುವುದು ಅನ್ಯಾಯ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದುಡ್ಡಿದ್ದ ತಂಡವೇ ಪ್ರತಿ ಸಲ ಗೆಲ್ಲುವುದನ್ನು ನೋಡಲು ಯಾರು ಹೋಗುತ್ತಾರೆ? ಭಾರ ಹೊತ್ತೂ ನಾಲ್ಕನೇ ಸ್ಥಾನಕ್ಕೆ ಬಂದವನ ಓಟ ಎಷ್ಟೋ ಸಲ ಗೆಲುವಿಗಿಂತ ದೊಡ್ಡದು. ಅಲ್ಲಿ ಒಂದು ಭಾನುವಾರಕ್ಕೆ ಮೂರು ರೇಸು, ಮೂರನೆಯದಕ್ಕೆ ಮುಂದಿನವರ ಸಾಲನ್ನು ಚೀಟಿ ಎತ್ತಿ ತಿರುಗುಮುರುಗು ಮಾಡುತ್ತಾರೆ.

ವಿದೇಶ ಅಂದರೆ ನಾನು ಮಕಾವ್ ಹೆಸರು ಹೇಳುತ್ತೇನೆ. ನವೆಂಬರ್‌ನಲ್ಲಿ ಊರಿನ ರಸ್ತೆಗಳನ್ನೇ ಮುಚ್ಚಿ ರೇಸ್ ಮಾಡುತ್ತಾರೆ. ಅಲ್ಲಿನ ಗೀಯಾ ರೇಸ್ ಟೂರಿಂಗ್ ಕಾರುಗಳಿಗೆಂದೇ 1972ರಲ್ಲಿ ಶುರುವಾದದ್ದು. ಮೆಲ್ಕೊ ಅನ್ನುವ ಹೇರ್‌ಪಿನ್ ತಿರುವು ಬರೀ ಏಳು ಮೀಟರ್ ಅಗಲ. ಅಲ್ಲಿ ಯಾವಾಗಲೂ ಹಳದಿ ಬಾವುಟ, ಯಾರೂ ಯಾರನ್ನೂ ದಾಟುವಂತಿಲ್ಲ. ಘಾಟಿ ರಸ್ತೆ ಕಂಡ ನಮಗೆ ಅದರ ಕಷ್ಟ ನೋಡಿದ ಕೂಡಲೇ ಅರ್ಥವಾಗುತ್ತದೆ. ಜರ್ಮನಿಯ ಡಿಟಿಎಂ ಅನ್ನುವ ಕಾರ್ ರೇಸ್ ಸರಣಿಯಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ 2021ರಿಂದ ಓಡಿಸುತ್ತಿರುವುದು ನಿಮಗೆ ಗೊತ್ತಿರಬಹುದು. ಮೊಬೈಲಿನಲ್ಲಿ ನೋಡುವವರು ಅದನ್ನೂ ನೋಡಿ.

ಪ್ರಶ್ನೆ: ನನ್ನ ಸ್ವಿಫ್ಟ್‌ನಲ್ಲಿ ಬೆಳಗಿನ ಜಾವ ಆಗುಂಬೆ ಘಾಟಿಯಲ್ಲಿ ಸ್ವಲ್ಪ ರೇಸ್ ಥರ ಓಡಿಸಿ ನೋಡಬೇಕು ಅಂತ ಆಸೆ. ರಸ್ತೆ ಖಾಲಿ ಇರುತ್ತದೆ. ಏನಂತೀರಿ?
— ಯುವಕ, ಶಿವಮೊಗ್ಗ

ಉತ್ತರ: ಬೇಡ. ದಯವಿಟ್ಟು ಬೇಡ. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವಿನಲ್ಲಿ ರಸ್ತೆ ಯಾವತ್ತೂ ಖಾಲಿ ಇರುವುದಿಲ್ಲ. ಕೆಳಗಿನಿಂದ ಹಾಲಿನ ಗಾಡಿ ಬರುತ್ತಿರುತ್ತದೆ, ಮಿನಿ ಬಸ್ಸು ಪೂರ್ತಿ ರಸ್ತೆ ಹಿಡಿದು ತಿರುಗುತ್ತಿರುತ್ತದೆ. ಮರಿ ಎತ್ತಿಕೊಂಡ ಸಿಂಗಳೀಕ ರಸ್ತೆ ದಾಟುತ್ತಿರುತ್ತದೆ. ಮಂಜು ಬಿದ್ದರೆ ಹತ್ತು ಅಡಿ ಕಾಣುವುದಿಲ್ಲ.

ಟ್ರ್ಯಾಕಿನಲ್ಲಿ ಕಾರು ಹೊರಗೆ ಹೋದರೆ ನಿಲ್ಲಲು ಖಾಲಿ ಜಾಗ ಇದೆ. ಪ್ರತಿ ತಿರುವಿನಲ್ಲಿ ಬಾವುಟ ಹಿಡಿದು ಕಾಯುವ ಮಾರ್ಷಲ್ ಇದ್ದಾರೆ, ಬೆಂಕಿ ಆರಿಸುವವರಿದ್ದಾರೆ. ಆಂಬುಲೆನ್ಸ್ ಇಲ್ಲದೆ ಕಾರುಗಳನ್ನು ಬಿಡುವುದೇ ಇಲ್ಲ. ಘಾಟಿಯಲ್ಲಿ ಏನಿದೆ? ಕಣಿವೆ ಇದೆ. ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ ಬೆಟ್ಟದ ಮೇಲಿನ ರಸ್ತೆಯಲ್ಲಿ 1000 ಕಿಲೋಮೀಟರ್ ಟೂರಿಂಗ್ ಕಾರ್ ರೇಸ್ ನಡೆಯುತ್ತದೆ. ರೇಸ್ ಇಲ್ಲದ ದಿನ ಅದು ಜನ ಓಡಾಡುವ ಮಾಮೂಲು ರಸ್ತೆ, ವೇಗದ ಮಿತಿ ಗಂಟೆಗೆ 60 ಕಿಲೋಮೀಟರ್. ಆ ಊರಿನವರೂ ಅದನ್ನು ಪಾಲಿಸಬೇಕು.

ಇನ್ನೊಂದು ಮಾತು ಅಂಗಡಿಯ ಅನುಭವದಿಂದ. ಘಾಟಿ ಇಳಿದು ಬಂದ ಕಾರಿನ ಚಕ್ರ ಬಿಚ್ಚಿದಾಗ ಬ್ರೇಕ್ ಪ್ಯಾಡ್ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತದೆ. ಪ್ಯಾಡಿನ ಮುಖ ಗಾಜಿನ ಹಾಗೆ ನುಣುಪಾಗಿರುತ್ತದೆ. ಮಾಮೂಲು ಪ್ಯಾಡು ಒಂದು ಮಟ್ಟಕ್ಕಿಂತ ಬಿಸಿಯಾದರೆ ಹಿಡಿತ ಬಿಡುತ್ತದೆ. ಪೆಡಲ್ ಒತ್ತಿದರೂ ಕಾರು ನಿಲ್ಲುವುದಿಲ್ಲ. ನಾಲ್ಕನೇ ತಿರುವಿನಲ್ಲಿ ಚೆನ್ನಾಗಿದ್ದ ಬ್ರೇಕು ಹತ್ತನೇ ತಿರುವಿನಲ್ಲಿ ಇರುತ್ತದೆ ಅಂತ ಗ್ಯಾರಂಟಿ ಇಲ್ಲ.

ನಿಮ್ಮ ಆಸೆ ತಪ್ಪಲ್ಲ, ಜಾಗ ತಪ್ಪು. ಚೆನ್ನೈ, ಕೊಯಮತ್ತೂರು ಟ್ರ್ಯಾಕುಗಳಲ್ಲಿ ಸಾಮಾನ್ಯರೂ ತಮ್ಮ ಕಾರು ಓಡಿಸಬಹುದಾದ ಟ್ರ್ಯಾಕ್ ಡೇ ಇರುತ್ತವೆ. ಅವುಗಳ ಬಗ್ಗೆ ವಿಚಾರಿಸಿ. ಹೊಸ ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡು ಹಾಕಿಸಿಕೊಂಡು, ಹೆಲ್ಮೆಟ್ ಹಾಕಿಕೊಂಡು ಹೋಗಿ. ಹೊರಡುವ ಮೊದಲು ಅಂಗಡಿಗೆ ಬನ್ನಿ. ಅಲೈನ್‌ಮೆಂಟ್ ನಾನೇ ನಿಂತು ನೋಡಿಕೊಡುತ್ತೇನೆ, ದುಡ್ಡು ಬೇಡ.

ಪ್ರಶ್ನೆ: ಸುಮ್ನೆ ನೋಡಿ ಬರುವುದಕ್ಕಿಂತ ರೇಸಿನಲ್ಲಿ ಏನಾದರೂ ಕೆಲಸ ಮಾಡಬೇಕು ಅಂತ ಇದೆ. ಓಡಿಸುವಷ್ಟು ದುಡ್ಡಿಲ್ಲ. ದಾರಿ ಇದೆಯಾ?
— ಶಾಲಾ ಶಿಕ್ಷಕರು, ಸಕಲೇಶಪುರ

ಉತ್ತರ: ಇದೆ, ಅದೂ ಟ್ರ್ಯಾಕಿಗೆ ಎಲ್ಲರಿಗಿಂತ ಹತ್ತಿರ. ಮಾರ್ಷಲ್ ಆಗಿ. ಬಾವುಟ ಬೀಸುವವರು, ಕೆಟ್ಟ ಕಾರನ್ನು ತಳ್ಳುವವರು, ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಲ್ಲುವವರು, ಇವರಲ್ಲಿ ಎಷ್ಟೋ ಮಂದಿ ಆಸಕ್ತಿಯಿಂದ ಬಂದ ಮಾಮೂಲು ಜನ. ಅವರಿಲ್ಲದೆ ಒಂದು ಸುತ್ತೂ ನಡೆಯುವುದಿಲ್ಲ. ಚೆನ್ನೈ ಟ್ರ್ಯಾಕಿಗೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿಗೆ ಬರೆಯಿರಿ. ನಮ್ಮ ರಾಜ್ಯದಲ್ಲೇ ಶುರುಮಾಡಬೇಕು ಅಂದರೆ ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದೆ. ಕೆ-1000 ರ‍್ಯಾಲಿ ನಡೆಸುವುದು ಅವರೇ. ನಿಮಗೆ ಹತ್ತಿರದ ಚಿಕ್ಕಮಗಳೂರಿನಲ್ಲಿ ರ‍್ಯಾಲಿ ನಡೆದಾಗ ಸಹಾಯಕ್ಕೆ ಜನ ಬೇಕೇ ಬೇಕಾಗುತ್ತದೆ, ಅಲ್ಲಿ ಕಲಿತು ಮುಂದೆ ಟ್ರ್ಯಾಕಿಗೆ ಹೋಗಬಹುದು.

ಬೆಳಗ್ಗೆ ಬೇಗ ಏಳಬೇಕು. ಬಿಸಿಲಿನಲ್ಲಿ ದಿನವಿಡೀ ನಿಲ್ಲಬೇಕು. ಮೊಬೈಲಿನಲ್ಲಿ ಫೋಟೋ ತೆಗೆಯುವಂತಿಲ್ಲ. ಬರುವ ಕಾರುಗಳಿಗೆ ಬೆನ್ನು ಹಾಕಬಾರದು, ಹಿರಿಯ ಮಾರ್ಷಲ್ ಹೇಳದೆ ಟ್ರ್ಯಾಕಿಗೆ ಕಾಲಿಡಬಾರದು. ಮಕ್ಕಳನ್ನು ಸಂಭಾಳಿಸಿ ಅಭ್ಯಾಸ ಇರುವ ಶಿಕ್ಷಕರಿಗೆ ತಾಳ್ಮೆ, ಕಣ್ಣು ಎರಡೂ ಇರುತ್ತವೆ. ನಿಮ್ಮಂಥವರು ಬೇಕು. ಗಟ್ಟಿ ಅಟ್ಟೆಯ ಬೂಟು, ಹತ್ತಿಯ ಉದ್ದ ತೋಳಿನ ಅಂಗಿ ಇಟ್ಟುಕೊಳ್ಳಿ. ನೈಲಾನ್ ಬಟ್ಟೆ ಬೇಡ, ಬೆಂಕಿ ತಾಗಿದರೆ ಮೈಗೆ ಅಂಟುತ್ತದೆ. ಪತ್ರ ಬರೆಯುವಾಗ ಕನ್ನಡದ ಜೊತೆ ಯಾವ ಭಾಷೆ ಬರುತ್ತದೆ ಅಂತಲೂ ತಿಳಿಸಿ. ರೇಡಿಯೋದಲ್ಲಿ ಮಾತಾಡುವ ಕೆಲಸಕ್ಕೆ ಅದು ಉಪಯೋಗಕ್ಕೆ ಬರುತ್ತದೆ.